ಹಾಲು, ಪಾಲು ಮತ್ತು ಹಂಪೆ

ಬಳ್ಳಾರಿಯ ಹಾಲಿನಂಗಡಿ ಮುಂದೆ ಒಬ್ಬರು ‘ಅರ್ಧ ಲೀಟರ್ ಹಾಲು ಕೊಡ್ರಿ’ ಅನ್ನುತ್ತಾರೆ, ಹಿಂದೆ ನಿಂತವರು ‘ಪಾಲು’ ಅನ್ನುತ್ತಾರೆ. ಇಬ್ಬರಿಗೂ ಸಿಗುವುದು ಅದೇ ಪ್ಯಾಕೆಟ್. ಕನ್ನಡ, ತೆಲುಗು ಎರಡೂ ಬೆರೆತ ಊರಲ್ಲಿ ಇದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಆದರೆ ಇವೆರಡೂ ಒಂದೇ ಪದ. ಮೊದಲು ಕನ್ನಡದವರೂ ‘ಪಾಲ್’ ಅಂತಲೇ ಅನ್ನುತ್ತಿದ್ದರು.

ಹಳಗನ್ನಡದ ಪದಗಳ ಮೊದಲಲ್ಲಿದ್ದ ‘ಪ’ ನಿಧಾನವಾಗಿ ‘ಹ’ ಆಯಿತು. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಈ ಬದಲಾವಣೆ ಕಾಣುತ್ತದೆ. ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು, ಪೆಸರು ಹೆಸರಾಯಿತು. 9ನೇ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ, ಅಂದರೆ ಅಪ್ಪಟ ಕನ್ನಡದ ನಾಡು ಯಾವುದು ಅಂತ ಹೇಳುವಾಗ ನಮ್ಮ ಕೊಪಣ, ಅಂದರೆ ಇವತ್ತಿನ ಕೊಪ್ಪಳದ ಜೊತೆಗೆ ‘ಪುಲಿಗೆರೆ’ಯನ್ನೂ ಹೆಸರಿಸುತ್ತದೆ. ಆಮೇಲಿನವರಿಗೆ ಅದು ಹುಲಿಗೆರೆ. ನೀವೇ ಹೇಳಿ ನೋಡಿ: ‘ಪ’ ಅನ್ನಲು ಎರಡೂ ತುಟಿ ಕೂಡಬೇಕು. ತುಟಿ ಕೂಡದೆ ಬರೀ ಉಸಿರು ಹೊರಗೆ ಬಂದರೆ ಕೇಳಿಸುವುದು ‘ಹ’. ಜಪಾನಿ ಭಾಷೆಯಲ್ಲೂ ಹಿಂದೆ ‘ಪ’ ಹೀಗೇ ‘ಹ’ ಆಗಿದೆ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಹಂಪೆ. ತುಂಗಭದ್ರೆಯ ಹಳೆಯ ಹೆಸರು ಪಂಪೆ, ಊರಿನ ಹೆಸರು ಬಂದದ್ದು ಅದರಿಂದಲೇ. ಅದರಲ್ಲಿ ಎರಡು ‘ಪ’ ಇವೆ ನೋಡಿ, ಮೊದಲಿನದು ‘ಹ’ ಆಯಿತು, ಸೊನ್ನೆಗೆ ಅಂಟಿಕೊಂಡಿದ್ದ ಎರಡನೆಯದು ಅಲುಗಲೇ ಇಲ್ಲ. ಕೆಂಪು, ತಂಪು ಉಳಿದದ್ದೂ ಹಾಗೇ. ಒತ್ತಿನಲ್ಲೂ ‘ಪ’ ಗಟ್ಟಿ: ಅಪ್ಪ, ಉಪ್ಪು, ಸಪ್ಪೆ. ದೇವರ ಹೆಸರು ಮಾತ್ರ ಸಂಸ್ಕೃತದ ರೂಪದಲ್ಲೇ ನಿಂತಿತು, ಹಾಗಾಗಿ ಹಂಪೆಯ ದೇವರು ಇವತ್ತಿಗೂ ಪಂಪಾಪತಿ.

ತಮಿಳು, ಮಲಯಾಳಂಗಳಲ್ಲಿ ಹಾಲು ‘ಪಾಲ್’, ತುಳುವಿನಲ್ಲಿ ‘ಪೇರ್’. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹುಯಿ ಅನ್ನುವ ದ್ರಾವಿಡ ಭಾಷೆ ಇದೆ, ಅಲ್ಲೂ ಹಾಲಿಗೆ ‘ಪಾಲ್ಹ್’. ರಾಯಚೂರೆಲ್ಲಿ, ಬಲೂಚಿಸ್ತಾನವೆಲ್ಲಿ! ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ತೆಲುಗಿನದು ಬೇರೆಯೇ ಕಥೆ. ಅಲ್ಲಿ ‘ಲು’ ಬಹುವಚನದ ಗುರುತು, ಹಾಲಿನ ಹೆಸರೂ ‘ಲು’ದಲ್ಲೇ ಮುಗಿಯುತ್ತದಲ್ವಾ, ಹಾಗಾಗಿ ಅದೂ ಬಹುವಚನವಾಗಿಯೇ ನಡೆಯುತ್ತದೆ. ‘ಹಾಲು ಉಕ್ಕಿತು’ ಅಂತ ನಾವಂದರೆ ಅವರು ‘ಪಾಲು ಪೊಂಗಾಯಿ’, ಅಂದರೆ ‘ಉಕ್ಕಿದವು’ ಅನ್ನುತ್ತಾರೆ. ಜೊತೆಗೆ ಹೊಲಮನೆಯ ಪಾಲೂ ಅವರಿಗೆ ಪಾಲೇ. ತಮಿಳಿನಲ್ಲೂ ಅಷ್ಟೇ, ಹಳೆಯ ತಮಿಳು ಕೃತಿ ತಿರುಕ್ಕುರಳಿನ ಒಂದು ಭಾಗಕ್ಕಿರುವ ‘ಪೊರುಟ್ಪಾಲ್’ ಅನ್ನುವ ಹೆಸರಿನಲ್ಲಿರುವುದು ‘ಭಾಗ’ ಅನ್ನುವ ಅರ್ಥದ ಪಾಲ್. ಕನ್ನಡದಲ್ಲಿ ಈ ಗೊಂದಲವಿಲ್ಲ. ಹಾಲು ‘ಹ’ ಕಡೆ ಹೋಯಿತು, ಆಸ್ತಿಯ ಪಾಲು ‘ಪ’ದಲ್ಲೇ ಉಳಿಯಿತು.

ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಆ ‘ಹ’ವೂ ಉದುರಿ ‘ಆಲು’ ಆಗಿದೆ. ಕೇಳಿದ ಕೂಡಲೇ ತಪ್ಪು ಕನ್ನಡ ಅಂತ ನಗುವವರಿದ್ದಾರೆ, ನನಗದು ಸರಿ ಕಾಣುವುದಿಲ್ಲ. ‘ಪಾಲ್’ ಅನ್ನುತ್ತಿದ್ದವರ ಕಿವಿಗೆ ನಮ್ಮ ‘ಹಾಲು’ ಕೂಡ ಹಾಗೇ ಕೇಳಿಸಿರಬೇಕು.