ಬ್ಯಾಟರ್ಸಿಗೆ ಬೇಕಿದ್ದದ್ದು ಥೇಮ್ಸ್‌ನ ತಂಪು

ನದಿ ದಡದಲ್ಲಿ ವಿದ್ಯುತ್ ಸ್ಥಾವರ ಅಂದ ಕೂಡಲೇ ನಮಗೆ ಅಣೆಕಟ್ಟು ನೆನಪಾಗುತ್ತದೆ. ಲಂಡನ್ನಿನ ಬ್ಯಾಟರ್ಸಿ ಸ್ಥಾವರದಲ್ಲಿ ಅಣೆಕಟ್ಟೂ ಇಲ್ಲ, ಧುಮುಕುವ ನೀರೂ ಇಲ್ಲ. ಅದು ಕಲ್ಲಿದ್ದಲು ಸುಡುತ್ತಿತ್ತು. ಹಾಗಾದರೆ 1933ರಲ್ಲಿ ಊರ ನಡುವೆ, ದುಬಾರಿ ಜಾಗದಲ್ಲಿ, ಥೇಮ್ಸ್‌ಗೆ ಅಂಟಿಕೊಂಡೇ ಅದು ಯಾಕೆ ಶುರುವಾಯಿತು?

ಒಂದು ಕಾರಣ ಸುಲಭ. ಕಲ್ಲಿದ್ದಲು ಹಡಗಿನಲ್ಲಿ ಬರುತ್ತಿತ್ತು. ಸೇತುವೆಗಳ ಕೆಳಗೆ ನುಸುಳಲೆಂದೇ ಆ ಹಡಗುಗಳನ್ನು ಕುಳ್ಳಗೆ ಕಟ್ಟಿದ್ದರು.

ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಕಾರಣ. ಬಿಸಿ ಸಾರು ತುಂಬಿದ ಸ್ಟೀಲ್ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಟ್ಟರೆ, ಆರಿದ ಮೇಲೆ ಅದನ್ನು ತೆಗೆಯಲು ಒದ್ದಾಡಬೇಕು ಅಲ್ವಾ? ಒಳಗಿನ ಹಬೆ ನೀರಾಗಿ, ಒತ್ತಡ ಕುಸಿದಿರುತ್ತದೆ. ಸಾಧಾರಣ ಒತ್ತಡದಲ್ಲಿ ಹಬೆ ನೀರಾದಾಗ ಸುಮಾರು 1,600 ಪಟ್ಟು ಕುಗ್ಗುತ್ತದೆ. ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ನೀರು ಕಾಯಿಸುತ್ತಾರೆ, ಆ ಹಬೆ ಟರ್ಬೈನ್ ಎಂಬ ಚಕ್ರ ತಿರುಗಿಸಿದಾಗ ಕರೆಂಟು ಹುಟ್ಟುತ್ತದೆ. ಟರ್ಬೈನಿನ ಹಿಂದಿರುವ, ಹಬೆಯನ್ನು ತಣಿಸುವ ಕಂಡೆನ್ಸರ್ ಮಾಡುವುದೂ ಇದನ್ನೇ. ಅದರ ಕೊಳವೆಗಳಲ್ಲಿ ತಣ್ಣನೆಯ ನದಿನೀರು ಹರಿಯುತ್ತದೆ. ತಾಗಿದ ಹಬೆ ನೀರಾಗಿ, ಅಲ್ಲಿ ಹೆಚ್ಚುಕಡಿಮೆ ನಿರ್ವಾತವೇ ಉಂಟಾಗುತ್ತದೆ. ಮುಂದೆ ಬಾಯ್ಲರಿನ ಒತ್ತಡ, ಹಿಂದೆ ಖಾಲಿ. ಹಬೆ ಟರ್ಬೈನನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತದೆ. ನೀರು ತಣ್ಣಗಿದ್ದಷ್ಟೂ ಅದೇ ಕಲ್ಲಿದ್ದಲಿನಿಂದ ಜಾಸ್ತಿ ಕರೆಂಟು. ನಮ್ಮ ರಾಯಚೂರು ಸ್ಥಾವರಕ್ಕೆ ಕೃಷ್ಣೆ ಬೇಕಾದದ್ದೂ ನೀರು ಬೀಳಿಸಲು ಅಲ್ಲ.

ಹೊಗೆಯ ಕಥೆ ಇಷ್ಟು ಚೆನ್ನಾಗಿಲ್ಲ. ಜನ ವಿರೋಧಿಸಿದ್ದರಿಂದ ಹೊಗೆಯನ್ನೂ ನೀರಿನಲ್ಲಿ ತೊಳೆದರು. ಗಂಧಕದ ಬಹುಪಾಲು ಹೋಯಿತು, ನಿಜ. ಆದರೆ ತೊಳೆದ ಹೊಗೆ ತಣ್ಣಗಾಗಿ ಮೇಲೇರದೆ ಕೆಳಗಿಳಿಯುತ್ತಿತ್ತು. ತೊಳೆದ ನೀರು ಥೇಮ್ಸ್‌ಗೇ ಹೋಗುತ್ತಿತ್ತು. ಕೊಳೆ ಜಾಗ ಬದಲಿಸಿತು, ಅಷ್ಟೆ.

ನಾಲ್ಕನೇ ಚಿಮಣಿ ಎದ್ದದ್ದು 1955ರಲ್ಲಿ. ಹೊರಗಿನ ಇಟ್ಟಿಗೆ ಗೋಡೆಗಳಿಗೆ ಅಂದ ಕೊಟ್ಟವರು ಗೈಲ್ಸ್ ಗಿಲ್ಬರ್ಟ್ ಸ್ಕಾಟ್. ಲಂಡನ್ನಿನ ಕೆಂಪು ಟೆಲಿಫೋನ್ ಬೂತ್ ಕೂಡ ಇವರದ್ದೇ. ಎಲ್ಲರೂ ಫೋಟೋ ತೆಗೆಯುವುದು ಆ ಚಿಮಣಿಗಳನ್ನು. ನನ್ನನ್ನು ಕೇಳಿದರೆ ಅಲ್ಲಿನ ಜಾಣತನವೆಲ್ಲ ನದಿಯ ತಳದಲ್ಲಿತ್ತು. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಕರೆಂಟಾಗುತ್ತಿದ್ದದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ. ಉಳಿದದ್ದರಲ್ಲಿ ಸ್ವಲ್ಪವನ್ನು 1950ರ ದಶಕದಿಂದ ಬಿಸಿನೀರಾಗಿ ಥೇಮ್ಸ್ ಕೆಳಗಿನ ಪೈಪಿನಲ್ಲಿ ಆಚೆ ದಡದ ಪಿಮ್ಲಿಕೋ ಮನೆಗಳಿಗೆ ಕಳಿಸಿದರು.

1983ರಲ್ಲಿ ಸ್ಥಾವರ ಪೂರ್ತಿ ನಿಂತಿತು. 2022ರಲ್ಲಿ ಅಂಗಡಿ, ಆಫೀಸು, ಫ್ಲ್ಯಾಟುಗಳಾಗಿ ಬಾಗಿಲು ತೆರೆಯಿತು. ಚಿಮಣಿಗಳು ಕೂಡ ಹಳೆಯವಲ್ಲ, ಕೆಡವಿ ಅದೇ ಆಕಾರದಲ್ಲಿ ಮತ್ತೆ ಕಟ್ಟಿದವು. ಪಿಮ್ಲಿಕೋ ಜನ ಮಾತ್ರ ತಮ್ಮದೇ ಬಾಯ್ಲರು ಹಾಕಿಕೊಂಡು, ಈಗಲೂ ಒಂದೇ ಕಡೆ ನೀರು ಕಾಯಿಸಿ ಮನೆಮನೆಗೆ ಹರಿಸುತ್ತಿದ್ದಾರೆ.