ಪ್ಲೇಯರ್‌ನಲ್ಲಿ ಐದಾರು ಫಿಲ್ಟರ್ ಇದ್ಯಲ್ಲ, ಯಾವ್ದು ಹಾಕ್ಕೊಳ್ಳೋದು?

"ಸರ್, ಹೊಸ ಹೈ-ರೆಸ್ ಪ್ಲೇಯರ್ ತಗೊಂಡೆ, ಸೆಟ್ಟಿಂಗ್ಸ್‌ನಲ್ಲಿ ಶಾರ್ಪ್ ರೋಲ್-ಆಫ್, ಸ್ಲೋ ರೋಲ್-ಆಫ್, ಶಾರ್ಟ್ ಡಿಲೇ ಅಂತೆಲ್ಲ ಇದೆ, ಯಾವ್ದು ಹಾಕಿದ್ರೆ ಸಿಡಿ ಸೌಂಡಲ್ಲಿರೋ ಮೆಟ್ಟಿಲು ಹೋಗಿ ಸ್ಮೂತ್ ಆಗುತ್ತೆ?"

ಶಾರ್ಪ್ ಇಟ್ಬಿಡಿ, ಆರಾಮಾಗಿ ಹಾಡು ಕೇಳಿ. ಈ ಉತ್ತರ ಎಷ್ಟೋ ಸಲ ಕೊಟ್ಟಾಗಿದೆ. ಆದ್ರೆ ಆ "ಮೆಟ್ಟಿಲು" ಅನ್ನೋದನ್ನ ಮಾತ್ರ ಇವತ್ತು ಸುಮ್ನೆ ಬಿಡಲ್ಲ.

ಜಾಹೀರಾತಲ್ಲಿ ಧ್ವನಿಯ ಅಲೆಯ ಚಿತ್ರ ಹಾಕಿರ್ತಾರೆ ನೋಡಿ, ಸಿಡಿ ಅಂದ್ರೆ ದಪ್ಪ ದಪ್ಪ ಮೆಟ್ಟಿಲು, 192 ಕಿಲೋಹರ್ಟ್ಜ್ ಫೈಲ್ (ಸೆಕೆಂಡಿಗೆ 1,92,000 ಸಲ ಅಲೆ ಅಳೆದಿದ್ದು) ಅಂದ್ರೆ ಸಣ್ಣ ಸಣ್ಣ ಮೆಟ್ಟಿಲು. ಫೈಲಲ್ಲಿ ಮೆಟ್ಟಿಲೇ ಇಲ್ಲ ಕಣ್ರೀ! ಇರೋದು ಅಲೆಯ ಎತ್ತರ ಅಳೆದಿಟ್ಟ ಬರೀ ಬಿಂದುಗಳು, ಸಿಡಿ ಆದ್ರೆ ಸೆಕೆಂಡಿಗೆ 44,100. ಎರಡು ಬಿಂದು ಮಧ್ಯೆ ಏನಿತ್ತೋ ಅಂತ ಊಹೆ ಮಾಡೋ ಪ್ರಮೇಯವೂ ಇಲ್ಲ, ಯಾಕಂದ್ರೆ ಅದರ ಅರ್ಧ, ಅಂದ್ರೆ 22.05 ಕಿಲೋಹರ್ಟ್ಜ್ ಮೇಲಿನ ಸ್ವರಗಳನ್ನೆಲ್ಲ ಡಿಜಿಟಲ್ ಮಾಡುವಾಗ್ಲೇ ಸೋಸಿ ತೆಗೆದಿರ್ತಾರೆ, ಹಂಗಿದ್ಮೇಲೆ ಆ ಬಿಂದುಗಳನ್ನೆಲ್ಲ ಹಾದು ಹೋಗೋ ಅಲೆ ಒಂದೇ ಒಂದು. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲೇ ಗಣಿತ ಹಾಕಿ ತೋರಿಸಿದ್ದು ಇದು. 10 ಕಿಲೋಹರ್ಟ್ಜ್ ಸೈನ್ ಟೋನ್‌ಗೆ (ಒಂದೇ ಫ್ರೀಕ್ವೆನ್ಸಿಯ ಶುದ್ಧ ಸ್ವರ) 44.1ರಲ್ಲಿ ಒಂದು ಸುತ್ತಿಗೆ ನಾಲ್ಕೂವರೆ ಬಿಂದೂನೂ ಸಿಗಲ್ಲ, ಬಿಂದುಗಳನ್ನ ಸ್ಕೇಲಿಟ್ಟು ಸೇರಿಸಿದ್ರೆ ಸೊಟ್ಟಸೊಟ್ಟಗೆ ಕಾಣುತ್ತೆ. ಅದೇ ಟೋನ್ ಪ್ಲೇ ಮಾಡಿ ಹೆಡ್‌ಫೋನ್ ಔಟ್‌ಗೆ ಆಸಿಲೋಸ್ಕೋಪ್ (ಅಲೆಯನ್ನ ಪರದೆ ಮೇಲೆ ತೋರಿಸೋ ಯಂತ್ರ) ಹಾಕಿ ನೋಡಿ, ನುಣ್ಣಗಿನ ಸೈನ್ ಬರುತ್ತೆ. ಮೆಟ್ಟಿಲಿನ ಚೂಪು ಮೂಲೆ ಅಂದ್ರೇನೇ 22.05ರ ಮೇಲಿನ ಫ್ರೀಕ್ವೆನ್ಸಿ, ಅದನ್ನ ಕತ್ತರಿಸಿದ್ಮೇಲೆ ಮೂಲೆ ಎಲ್ಲಿ ಉಳಿಯುತ್ತೆ? ಕತ್ತರಿಸೋದು ನೀವು ಕೇಳಿದ್ರಲ್ಲ, ಅದೇ ಫಿಲ್ಟರ್. ಇನ್ನು 24 ಬಿಟ್‌ನಿಂದ (ಒಂದೊಂದು ಬಿಂದು ಬರೆದಿಡೋಕೆ ಬಳಸೋ ಅಂಕೆಗಳ ಸಂಖ್ಯೆ) ಮೆಟ್ಟಿಲು ಸಣ್ಣದಾಗುತ್ತೆ ಅನ್ನೋರಿಗೆ: ಬಿಟ್ ಜಾಸ್ತಿ ಆದ್ರೆ ಹಿನ್ನೆಲೆ ನಾಯ್ಸ್ ತಗ್ಗುತ್ತೆ, ಅಷ್ಟೇ.

ಈಗ ಮೆನು. ಶಾರ್ಪ್ 20 ಕಿಲೋಹರ್ಟ್ಜ್‌ವರೆಗೂ ಫ್ಲ್ಯಾಟಾಗಿ ಹೋಗಿ ಆಮೇಲೆ ಒಂದೇ ಸಲ ಕೆಳಗಿಳಿಯುತ್ತೆ. ಸ್ಲೋ ಮೊದಲೇ ಇಳಿಯೋಕೆ ಶುರು ಮಾಡುತ್ತೆ, ಟ್ರೆಬಲ್‌ನ ತುತ್ತತುದಿ ಸ್ವಲ್ಪ ಮಂಕಾಗುತ್ತೆ, ಜೊತೆಗೆ 19 ಕಿಲೋಹರ್ಟ್ಜ್ ಸ್ವರದ ನೆರಳು, ಅಂದ್ರೆ 22.05ರ ಆಚೆ ಮೂಡೋ ಅದರ ಪ್ರತಿಬಿಂಬ, 25.1ರಲ್ಲಿ ಪೂರ್ತಿ ಅಳಿಯದೆ ಉಳ್ಕೊಳ್ಳುತ್ತೆ. ಶಾರ್ಟ್ ಡಿಲೇನಲ್ಲಿ ಡ್ರಮ್ ಏಟಿನಂಥ ಸದ್ದಿಗೆ ಮುಂಚೆ ಬರೋ ರಿಂಗಿಂಗ್ (ಫಿಲ್ಟರ್ ಸೇರಿಸೋ ಸಣ್ಣ ಕಂಪನ) ಇರಲ್ಲ ಅಂತಾರೆ, ನಿಜ, ಆದ್ರೆ ಶಾರ್ಪ್‌ನಲ್ಲಿ ಆ ರಿಂಗಿಂಗ್ ಇರೋದೇ 22 ಕಿಲೋಹರ್ಟ್ಜ್ ಆಸುಪಾಸಲ್ಲಿ, ನಲವತ್ತು ದಾಟಿದ ಕಿವಿಗೆ 16 ಕೇಳಿದ್ರೇ ಹೆಚ್ಚು. 96 ಕಿಲೋಹರ್ಟ್ಜ್ ಫೈಲ್ ಆದ್ರೆ 22.05ರ ಈ ಗಡಿ 48ಕ್ಕೆ ಹೋಗುತ್ತೆ, ಆಗಂತೂ ಯಾವ ಫಿಲ್ಟರ್ ಹಾಕಿದ್ರೂ ಕಿವಿಗೆ ಬೀಳೋ ಭಾಗದಲ್ಲಿ ಹೆಚ್ಚುಕಮ್ಮಿ ಏನೂ ಬದಲಾಗಲ್ಲ.

ಫ್ರೀಕ್ವೆನ್ಸಿ ರೆಸ್ಪಾನ್ಸ್ (ಯಾವ ಸ್ವರ ಎಷ್ಟು ಜೋರಾಗಿ ಬರುತ್ತೆ ಅನ್ನೋದು) ಬಗ್ಗೆ ಇಷ್ಟು ಕಾಳಜಿ ಇರೋರು ಪ್ಲೇಯರ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದ್ರೆ ಜ್ಯಾಕ್‌ನಲ್ಲಿ ಕರೆಂಟಿಗಿರೋ ತಡೆ, ಎಷ್ಟು ಅಂತ ಯಾಕೆ ಕೇಳಲ್ಲ? ನಿಮ್ಮ ಮಲ್ಟಿ-ಡ್ರೈವರ್ ಇಯರ್‌ಫೋನ್ (ಒಳಗೆ ಒಂದಕ್ಕಿಂತ ಹೆಚ್ಚು ಸ್ಪೀಕರ್ ಇರೋದು) ಒಂದು ಫ್ರೀಕ್ವೆನ್ಸಿಲಿ 8 ಓಮ್, ಇನ್ನೊಂದ್ರಲ್ಲಿ 40 ಓಮ್ ಇದೆ ಅಂದ್ಕೊಳ್ಳಿ. ಪ್ಲೇಯರ್‌ದು 10 ಓಮ್ ಇದ್ರೆ ಆ ಎರಡು ಜಾಗದ ಮಧ್ಯೆ 5 ಡೆಸಿಬಲ್ ಏರುಪೇರು, ಯಾರಿಗಾದ್ರೂ ಕೇಳಿಸುತ್ತೆ. 1 ಓಮ್ ಇದ್ರೆ 0.8 ಡೆಸಿಬಲ್ ಅಷ್ಟೇ. ಬ್ಯಾಲೆನ್ಸ್ಡ್ ಜ್ಯಾಕ್‌ನಲ್ಲಿ (ಎಡ-ಬಲ ಚಾನೆಲ್‌ಗೆ ಬೇರೆ ಬೇರೆ ಜೋಡಿ ತಂತಿ ಇರೋ ಜ್ಯಾಕ್) ಈ ಇಂಪೀಡೆನ್ಸ್ ಸಾಮಾನ್ಯವಾಗಿ ಮಾಮೂಲಿ ಜ್ಯಾಕ್‌ನ ಡಬಲ್ ಇರುತ್ತೆ, ತಗೊಳ್ಳೋ ಮುಂಚೆ ಸ್ಪೆಕ್ ಶೀಟಲ್ಲಿ ಎರಡನ್ನೂ ನೋಡ್ಕೊಳ್ಳಿ.