ಚಾಕ್ ಗುರುತು, ಅರ್ಧ ಸುತ್ತು

ಹಿರಿಯಡ್ಕದ ನಮ್ಮ ಮನೆಯಲ್ಲಿ ಒಂದು ಹಳೇ ಮಹೀಂದ್ರ ಜೀಪಿದೆ. ಕಳೆದ ವರ್ಷ ಮುಂದಿನ ಎರಡೂ ಟೈರು ಹೊಸದು ಹಾಕಿಸಿದೆ. ಅದೇ ಹೊತ್ತಿಗೆ ಗ್ಯಾರೇಜಿನಲ್ಲಿ ಟೈ ರಾಡ್ ಎಂಡ್, ಅಂದರೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳಿನ (ಟೈ ರಾಡ್) ತುದಿಯ ಕೀಲು ಕೂಡ ಬದಲಾಯಿಸಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಟೈರಿನ ಹೊರ ಅಂಚು ಬೋಳಾಗಿತ್ತು. ಒಳ ಅಂಚು ಹೊಸದರ ಹಾಗೇ ಇತ್ತು. ಹಿಂದೆ ಲಾರಿ ಓಡಿಸುತ್ತಿದ್ದ ಪಕ್ಕದ ಮನೆಯ ಅಣ್ಣ ಬಂದು ನೋಡಿದರು. "ಕಣ್ಣಲ್ಲಿ ನೋಡಿದ್ರೆ ಸಾಕಾಗುದಿಲ್ಲ ಮಾರಾಯ, ಕೈ ಅಡ್ಡ ಸವರಿ ನೋಡು" ಎಂದರು.

ಸವರಿದೆ. ಹೊರಗಿನಿಂದ ಒಳಕ್ಕೆ ಅಂಗೈ ನುಣ್ಣಗೆ ಜಾರಿತು. ಒಳಗಿನಿಂದ ಹೊರಕ್ಕೆ ಎಳೆದರೆ ಗರಗಸದ ಹಲ್ಲಿನ ಹಾಗೆ ಚುಚ್ಚಿತು. ಚಕ್ರಗಳು ಮುಂದುಗಡೆ ಒಳಕ್ಕೆ ಜಾಸ್ತಿ ತಿರುಗಿವೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂಚುಗಳ ನಡುವಿನ ಅಂತರ ಹಿಂದಿನ ಅಂಚುಗಳ ಅಂತರಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಟೋ ಇನ್ ಎನ್ನುತ್ತಾರೆ. ಉಲ್ಟಾ ಇದ್ದರೆ ಟೋ ಔಟ್.

ಆಮೇಲೆ ಅಳೆದಾಗ ನನ್ನ ಜೀಪಿನಲ್ಲಿ ಈ ವ್ಯತ್ಯಾಸ 11 ಮಿ.ಮೀ. ಇತ್ತು. ಬೆರಳಿನಷ್ಟೂ ದಪ್ಪ ಇಲ್ಲ, ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ಟೈರಿನ ವ್ಯಾಸ ಸುಮಾರು 710 ಮಿ.ಮೀ. ಹನ್ನೊಂದನ್ನು ಎರಡು ಚಕ್ರಕ್ಕೆ ಹಂಚಿದರೆ ಒಂದೊಂದಕ್ಕೆ ಐದೂವರೆ. ಅಂದರೆ ಪ್ರತಿ ಚಕ್ರವೂ 710 ಮಿ.ಮೀ. ಮುಂದೆ ಹೋಗುವಷ್ಟರಲ್ಲಿ ಐದೂವರೆ ಮಿ.ಮೀ. ಒಳಕ್ಕೆ ಹೋಗಲು ನೋಡುತ್ತದೆ. ಆಚೆ ಬದಿಯ ಚಕ್ರ ಬಿಡುವುದಿಲ್ಲ. ಹಾಗಾಗಿ ರಬ್ಬರು ರಸ್ತೆಗೆ ಅಡ್ಡಡ್ಡ ಉಜ್ಜುತ್ತದೆ. ಒಂದು ಕಿಲೋಮೀಟರಿಗೆ ಏಳೂವರೆ ಮೀಟರಿಗಿಂತ ಹೆಚ್ಚು. ಉಡುಪಿಯಿಂದ ಮಂಗಳೂರಿಗೆ ಸುಮಾರು 55 ಕಿ.ಮೀ. ಅಷ್ಟರಲ್ಲಿ ಅಡ್ಡ ಉಜ್ಜಾಟ 400 ಮೀಟರು ದಾಟುತ್ತದೆ. ಟೈರು ಬೋಳಾಗದೆ ಇನ್ನೇನಾಗುತ್ತದೆ?

ಹಾಗಾದರೆ ಸೊನ್ನೆ ಇಟ್ಟರಾಯಿತಲ್ಲ? ಇಲ್ಲ. ಜೀಪು ಓಡುವಾಗ ರಸ್ತೆ ಎರಡೂ ಚಕ್ರಗಳನ್ನು ಹಿಂದಕ್ಕೆ ಒತ್ತುತ್ತದೆ. ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು), ಟೈ ರಾಡ್ ಎಂಡ್, ಬೇರಿಂಗುಗಳಲ್ಲಿ ಕೂದಲೆಳೆಯಷ್ಟು ಆಟ, ಅಂದರೆ ಸಡಿಲ, ಇದ್ದೇ ಇರುತ್ತದೆ. ಆ ಆಟವೆಲ್ಲ ಸೇರಿ ಚಕ್ರಗಳ ಮೂತಿ ಸ್ವಲ್ಪ ಹೊರಕ್ಕೆ ತಿರುಗುತ್ತದೆ. ಅದಕ್ಕಾಗಿ ನಿಂತಾಗ ಚೂರು ಒಳಮುಖ ಇಟ್ಟರೆ ಓಡುವಾಗ ನೇರವಾಗುತ್ತದೆ. ಹಳೇ ವಿಲ್ಲೀಸ್ ಜೀಪುಗಳಿಗೆ ಹೇಳಿದ್ದ ಅಳತೆ 3/64ರಿಂದ 3/32 ಇಂಚು, ಅಂದರೆ 1.2ರಿಂದ 2.4 ಮಿ.ಮೀ. ನಿಮ್ಮ ಗಾಡಿಯ ಅಳತೆಯನ್ನು ಅದರ ಕೈಪಿಡಿಯಲ್ಲೇ ನೋಡಿ.

ಹಳೇ ಜೀಪು, ಲಾರಿ, 407 ಟೆಂಪೋ ಇವುಗಳ ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ವಿಷಯ ಒಂದಿದೆ. ಕಾರಿನಲ್ಲಿ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಹೋಗುವುದರಿಂದ ಭಾರ ಬಿದ್ದಾಗ ಕೋನಗಳೂ ಬದಲಾಗುತ್ತವೆ. ಗಟ್ಟಿ ಆಕ್ಸಲ್‌ನಲ್ಲಿ ಎರಡು ಚಕ್ರವೂ, ಅವನ್ನು ಜೋಡಿಸುವ ಟೈ ರಾಡೂ ಒಂದೇ ತೊಲೆಯ ಮೇಲಿವೆ. ಹತ್ತು ಜನ ಹತ್ತಿದರೂ, ಸ್ಪ್ರಿಂಗ್ ಪಟ್ಟಿ ಎಷ್ಟೇ ಬಗ್ಗಿದರೂ, ಟೋ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ಚಕ್ರದ ಓರೆ, ಕಿಂಗ್ ಪಿನ್ನಿನ ವಾಲು ತೊಲೆಯಲ್ಲೇ ಇರುತ್ತವೆ. ತೊಲೆ ಬಗ್ಗದಿದ್ದರೆ ಅವನ್ನು ಮುಟ್ಟುವ ಕೆಲಸವೇ ಇಲ್ಲ. ನಾವು ಸರಿಮಾಡಬೇಕಾದದ್ದು ಟೈ ರಾಡಿನ ಉದ್ದ ಒಂದೇ. ಅದನ್ನು ಮನೆಯ ಅಂಗಳದಲ್ಲೇ ಮಾಡಬಹುದು.

ತೊಲೆ ಒಂದೇ ಆದರೂ ತಿರುಗುವುದು ತೊಲೆಯಲ್ಲ. ಜಾತ್ರೆಯ ತೇರನ್ನು ನೋಡಿ. ಅದರ ಚಕ್ರಗಳಿಗೆ ತಿರುಗುವ ಕೀಲಿಲ್ಲ, ಚಕ್ರದಡಿ ಮರದ ತುಂಡು ಕೊಟ್ಟು ದಿಕ್ಕು ಬದಲಿಸಬೇಕು. ಚಕ್ರ ಮಾತ್ರ ಕೀಲಿನಲ್ಲಿ ತಿರುಗುವ ಏರ್ಪಾಡನ್ನು ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್‌ಸ್ಪರ್ಗರ್ ರೂಪಿಸಿದರು. ಅವರ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದವರು ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಆಕರ್‌ಮನ್‌ದು.

ಇನ್ನು ಕೆಲಸಕ್ಕೆ ಬರೋಣ. ಮೊದಲು ಆಟ ನೋಡಿ. ಒಬ್ಬರು ಸ್ಟೇರಿಂಗನ್ನು ಆಚೀಚೆ ಅಲ್ಲಾಡಿಸಲಿ. ಇನ್ನೊಬ್ಬರು ಟೈ ರಾಡ್ ಎಂಡ್ ಮೇಲೆ ಕೈ ಇಟ್ಟು ಕೂರಲಿ. ಟಕ್ ಟಕ್ ಎಂದು ಕೈಗೆ ತಾಗಿದರೆ ಅಳತೆ ಅಲ್ಲಿಗೇ ನಿಲ್ಲಿಸಿ, ಅದನ್ನು ಬದಲಾಯಿಸಿ. ಇದನ್ನು ಬಿಡಲೇಬೇಡಿ. ಗಟ್ಟಿ ಆಕ್ಸಲ್‌ನಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದರೆ ಇಡೀ ತೊಲೆ ವಾಲುತ್ತದೆ. ತಿರುಗುತ್ತಿರುವ ಚಕ್ರ ಬುಗುರಿಯ ಹಾಗೆ. ವಾಲಿಸಿದರೆ ಪಕ್ಕಕ್ಕೆ ಹೊರಳುತ್ತದೆ, ಟೈ ರಾಡ್ ಮೂಲಕ ಆಚೆ ಚಕ್ರವನ್ನೂ ಎಳೆಯುತ್ತದೆ. ಆಟ ಜಾಸ್ತಿ ಇದ್ದರೆ ಅದು ತಾನಾಗಿ ಬೆಳೆದು ಸ್ಟೇರಿಂಗ್ ಕೈಯಲ್ಲೇ ನಡುಗಲು ಶುರುವಾಗುತ್ತದೆ. ಟೋ ಸರಿ ಮಾಡಿದ ಮಾತ್ರಕ್ಕೆ ಆ ನಡುಕ ಹೋಗುವುದಿಲ್ಲ.

ಆಮೇಲೆ ಗಾಳಿ. ಎರಡೂ ಟೈರಿಗೆ ಒಂದೇ ಸಮ ಇರಲಿ. ಸಿಮೆಂಟು ಹಾಕಿದ ಮಟ್ಟಸ ನೆಲದಲ್ಲಿ ಚಕ್ರ ನೇರ ಮಾಡಿ, ಗಾಡಿಯನ್ನು ನಾಲ್ಕೈದು ಅಡಿ ಮುಂದಕ್ಕೆ ತಳ್ಳಿ ನಿಲ್ಲಿಸಿ. ಪ್ರತಿ ಟೈರಿನ ಮುಂಭಾಗದಲ್ಲಿ, ಹಬ್‌ನ ನಡುವಿನ ಎತ್ತರಕ್ಕೆ ಸರಿಯಾಗಿ, ಚಾಕ್‌ನಲ್ಲಿ ಒಂದು ಗುರುತು ಹಾಕಿ. ಗುರುತಿನಿಂದ ಗುರುತಿಗೆ ಟೇಪು ಹಿಡಿದು ಅಳೆದು ಬರೆದಿಡಿ. ಈಗ ಗಾಡಿಯನ್ನು ಮುಂದಕ್ಕೆ, ಚಕ್ರ ಸರಿಯಾಗಿ ಅರ್ಧ ಸುತ್ತು ಬರುವ ಹಾಗೆ ತಳ್ಳಿ. ಅದೇ ಗುರುತುಗಳು ಈಗ ಹಿಂಭಾಗದಲ್ಲಿ, ಅದೇ ಎತ್ತರದಲ್ಲಿ ಇರುತ್ತವೆ. ಮತ್ತೆ ಅಳೆಯಿರಿ. ಹಿಂದಿನದರಲ್ಲಿ ಮುಂದಿನದನ್ನು ಕಳೆದರೆ ಬರುವುದೇ ಟೋ ಇನ್.

ಅರ್ಧ ಸುತ್ತಿನ ಗುಟ್ಟು ಏನೆಂದರೆ, ಚಕ್ರದ ಡಿಸ್ಕ್ (ರಿಮ್) ಸ್ವಲ್ಪ ಬಗ್ಗಿದ್ದರೂ ಟೈರು ಓರೆಕೋರೆ ಇದ್ದರೂ ಪರವಾಗಿಲ್ಲ. ನಾವು ಅಳೆಯುವುದು ಒಂದೇ ಬಿಂದುವನ್ನು, ಎರಡು ಜಾಗದಲ್ಲಿ. ಬಿಂದುವಿನ ತಪ್ಪು ಎರಡೂ ಸಲ ಒಂದೇ, ಕಳೆದಾಗ ಹೋಗಿಬಿಡುತ್ತದೆ. ಮೊದಲ ಸಲ ಇದು ತಲೆಗೆ ಹೊಳೆದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ತಳ್ಳುವಾಗ ಅರ್ಧ ಸುತ್ತಿಗಿಂತ ಮುಂದೆ ಹೋದರೆ ಹಿಂದಕ್ಕೆ ಎಳೆಯಬೇಡಿ. ಹಿಂದಕ್ಕೆ ಬಂದರೆ ಕೀಲುಗಳ ಆಟ ಉಲ್ಟಾ ಬದಿಗೆ ಕೂರುತ್ತದೆ, ಅಳತೆ ಸುಳ್ಳಾಗುತ್ತದೆ. ಇನ್ನೊಂದು ಪೂರ್ತಿ ಸುತ್ತು ಮುಂದಕ್ಕೇ ಹೋಗಿ. ಹಿಂಭಾಗದಲ್ಲಿ ಟೇಪಿಗೆ ಏನಾದರೂ ಅಡ್ಡ ಬಂದರೆ ಎರಡು ಕಡೆಯೂ ಮೇಸ್ತ್ರಿಗಳ ತೂಗುಗುಂಡು ಇಳಿಸಿ ನೆಲದ ಮೇಲೆ ಗುರುತು ಮಾಡಿ ಅಳೆಯಿರಿ.

ಟೈ ರಾಡಿನ ಒಂದು ತುದಿಯಲ್ಲಿ ಬಲ ಥ್ರೆಡ್, ಇನ್ನೊಂದರಲ್ಲಿ ಎಡ ಥ್ರೆಡ್. ಕ್ಲ್ಯಾಂಪ್ ಸಡಿಲಿಸಿ ನಡುವಿನ ಪೈಪನ್ನು ತಿರುಗಿಸಿದರೆ ಎರಡೂ ಕಡೆ ಒಟ್ಟಿಗೆ ಉದ್ದವಾಗುತ್ತದೆ, ಇಲ್ಲವೇ ಗಿಡ್ಡವಾಗುತ್ತದೆ. ರಾಡ್ ಆಕ್ಸಲ್‌ಗಿಂತ ಹಿಂದಿದ್ದರೆ ಉದ್ದ ಮಾಡಿದಷ್ಟೂ ಟೋ ಇನ್ ಜಾಸ್ತಿ. ಮುಂದಿದ್ದರೆ ಉಲ್ಟಾ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿಗೆ ಈ ಥ್ರೆಡ್ ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ. ಪೈಪ್ ರೆಂಚ್ ಹಾಕಿ ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ, ಮತ್ತೆ ಅಳೆಯಿರಿ. ನನ್ನ ಜೀಪಿನಲ್ಲಿ ಕಾಲು ಸುತ್ತಿಗೆ ನಾಲ್ಕು ಮಿ.ಮೀ. ಹತ್ತಿರ ಬದಲಾಯಿತು. ಹೊಸ ರಾಡ್ ಎಂಡ್ ಹಾಕುವಾಗ ಎರಡು ಸುತ್ತು ಆಚೀಚೆ ಆದರೆ ಏನಾಗಬಹುದು ಎಂದು ಆಗ ಅರ್ಥವಾಯಿತು.

ಅಡಿಗೆ ಹೋಗುವಾಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಅಂಗಳದಲ್ಲಿ ಸಿಗುತ್ತದೆಂದು ಕೆಂಪುಕಲ್ಲು ಮಾತ್ರ ಕೊಡಬೇಡಿ. ಅದು ಹೇಳದೆ ಕೇಳದೆ ಒಡೆಯುತ್ತದೆ.

ಮೂರನೇ ಸಲಕ್ಕೆ 2 ಮಿ.ಮೀ. ಬಂತು. ಕ್ಲ್ಯಾಂಪ್ ಬಿಗಿ ಮಾಡಿ ಕಾರ್ಕಳದವರೆಗೆ ಹೋಗಿ ಬಂದೆ. ಜೀಪು ನೇರ ಹೋಯಿತು, ಆದರೆ ಸ್ಟೇರಿಂಗಿನ ಕಡ್ಡಿ ಸ್ವಲ್ಪ ಎಡಕ್ಕೆ ವಾಲಿತ್ತು. ಅದು ಟೈ ರಾಡಿನ ಕೆಲಸ ಅಲ್ಲ, ಸ್ಟೇರಿಂಗಿನ ತಿರುವನ್ನು ಚಕ್ರದ ಕಡೆಗೆ ಒಯ್ಯುವ ಸರಳು ಡ್ರ್ಯಾಗ್ ಲಿಂಕಿನದು. ಮುಂದಿನ ಭಾನುವಾರ ಅದನ್ನು ಅರ್ಧ ಸುತ್ತು ತಿರುಗಿಸಿದೆ, ಕಡ್ಡಿ ನಡುವಿಗೆ ಬಂತು.